ಕಿಟಕಿ ಬದಿಯ ಸೀಟು

ನವೆಂಬರ್ 13, ಗುರುವಾರ. ಬೆಳಿಗ್ಗೆ 11.40ಕ್ಕೆ ಪುಣೆ ವಿಮಾನ ನಿಲ್ದಾಣದ ಪೊಲೀಸ್ ಠಾಣೆಗೆ ಒಂದು ಫೋನ್ ಬಂತು. ಗಂಡು ದನಿ, ಮರಾಠಿ ಮಾತು. ಹದಿನಾರರ ಹುಡುಗಿಯೊಬ್ಬಳನ್ನು ಅವಳ ಅಪ್ಪನೇ ಮಾರಿದ್ದಾನೆ, 1.20ರ ಭೋಪಾಲ್ ವಿಮಾನ, ಸೀಟ್ 14ಎ, ತಡೆಯಿರಿ ಎಂದವನು ಹೆಸರು ಹೇಳದೆ ಇಟ್ಟುಬಿಟ್ಟ.

ಇನ್‌ಸ್ಪೆಕ್ಟರ್ ಅಂಬಾರಾಯ ಎಫ್‌ಐಆರ್ ದಾಖಲಿಸಿದರು. 12.15ಕ್ಕೆ 14ಎ ಸೀಟಿನ ಹುಡುಗಿ ಪ್ರಣೀತಾ ಠಾಣೆಯ ಬೆಂಚಿನ ಮೇಲಿದ್ದಳು. ಮನೆಮಾತು ಕನ್ನಡದ ಅವಳ ಪಕ್ಕ ಕೂರುವ ಕೆಲಸ, ಅಂಬಾರಾಯರಂತೆಯೇ ಗಡಿ ಕಡೆಯ ಕನ್ನಡದವಳಾದ ಕಾನ್‌ಸ್ಟೇಬಲ್ ರೇಣುವಿನದು.

“ಎಲ್ಲಿಗೆ ಹೊಂಟೀದಿ?”

“ಭೋಪಾಲಿಗೆ. ನಾಳೆ ಬೆಳಿಗ್ಗೆ ಏಳಕ್ಕೆ ದೋಣಿ ಸ್ಪರ್ಧೆಯ ಆಯ್ಕೆ. ಅಲ್ಲಿ ಕೋಚ್ ಬಂದು ಕರಕೊಂಡು ಹೋಗ್ತಾರೆ. ಅಪ್ಪ ಮೋಹನದಾಸ್, ಇಲ್ಲೇ ಸದಾಶಿವ ಪೇಠದಲ್ಲಿ ಹೋಟೆಲ್. ಅವರ ಒಪ್ಪಿಗೆ ಪತ್ರ ಉಂಟು.”

ಅಂಬಾರಾಯ ಮತ್ತೆ ಕೇಳಿದರು. ಒಂದಕ್ಷರ ಆಚೀಚೆಯಾಗದೆ ಅದೇ ಉತ್ತರ, ಮಗ್ಗಿ ಒಪ್ಪಿಸಿದಂತೆ.

“ಯಾರ್ ಕಲಿಸ್ಯಾರ ಇದನ್ನ?”

“ಅಪ್ಪ. ಯಾರು ಕೇಳಿದ್ರೂ ಇಷ್ಟೇ ಹೇಳು ಅಂತ ಎಂಟು ದಿನ ಬಾಯಿಪಾಠ ಮಾಡಿಸಿದ್ರು.”

ಅಲ್ಲಿಗೆ ಮುಗಿಯಿತು. ಮಗಳು ಕ್ಷೇಮವಾಗಿರಲಿ ಎಂದು ಅಪ್ಪ ಕೊಟ್ಟದ್ದೆಲ್ಲ ಈಗ ಅವಳ ಕಾಲಿಗೇ ತೊಡರಿಕೊಂಡಿತ್ತು. ಅಪ್ಪನೇ ಆರೋಪಿಯಾದ ಮೇಲೆ ಅವನ ಪತ್ರಕ್ಕೆ ಯಾವ ಬೆಲೆ? ಕೋಚ್ ನೀರಿನ ಮೇಲಿದ್ದರೋ ಏನೋ, ಫೋನ್ ಎತ್ತಲಿಲ್ಲ. ಫೋನ್ ಮಾಡಿದವನ ನಂಬರ್ ಸ್ವಿಚ್ ಆಫ್.

“ನಾನು ಎಂತ ತಪ್ಪು ಮಾಡಿದ್ದೇನೆ ಮೇಡಂ?”

ರೇಣು ಗಡಿಯಾರ ನೋಡಿದಳು. 1.20 ದಾಟಿತು. ಠಾಣೆಯ ಮೇಲೆ ವಿಮಾನವೊಂದು ಸದ್ದು ಮಾಡುತ್ತ ಹೋಯಿತು. ಹುಡುಗಿ ತಲೆ ಎತ್ತಲಿಲ್ಲ. ರೇಣುವಿಗೆ ತನ್ನ ಖಾಕಿಯ ಮೇಲೇ ಸಿಟ್ಟು ಬಂತು.

ಎರಡು ಗಂಟೆಗೆ ಪಂಚರ ಮುಂದೆ ಬ್ಯಾಗಿನ ಪಂಚನಾಮೆ ನಡೆಯಿತು. ಎರಡು ಟೀ ಶರ್ಟ್, ನೀರಿನ ಬಾಟಲಿ, ಪತ್ರ, ಟಿಕೆಟ್ಟಿನ ಪ್ರತಿ. ಬರೆದುಕೊಳ್ಳುತ್ತಿದ್ದ ರೇಣುವಿನ ಪೆನ್ನು ನಿಂತಿತು.

“ಸರ್, ಟಿಕೆಟ್ ಮ್ಯಾಗ ಸೀಟ್ ನಂಬರೇ ಇಲ್ರಿ. ಫೋನ್ ಮಾಡಿದಂವಗ 14ಎ ಹ್ಯಾಂಗ ಗೊತ್ತಾತು?”

ಅಂಬಾರಾಯ ಹುಡುಗಿಯತ್ತ ತಿರುಗಿದರು. “ಸೀಟ್ ಯಾರು ಹಿಡದಿದ್ದು?”

“ಅಣ್ಣ. ಬೆಳಿಗ್ಗೆ ಹತ್ತಕ್ಕೆ, ಅವನ ಫೋನಲ್ಲಿ ವೆಬ್ ಚೆಕ್-ಇನ್ ಮಾಡಿ. ನನ್ನ ಫೋನಿಗೆ ಕಳಿಸಿದ. ಅಪ್ಪನಿಗೆ ಅದೆಲ್ಲ ಬರುದಿಲ್ಲ.”

ಹೇಳುತ್ತ ಹೇಳುತ್ತಲೇ ಅವಳ ಮುಖ ಬಿಳಿಚಿಕೊಂಡಿತು.

3.30ಕ್ಕೆ ಹೋಟೆಲಿಗೆ ಹೋದಾಗ ಅವಳ ಅಣ್ಣ, ಇಪ್ಪತ್ತೆರಡರ ಚೇತನ ಗಲ್ಲಾದಲ್ಲಿ ಕೂತಿದ್ದ. ಡ್ರಾಯರಿನಲ್ಲಿ ಆ ನಂಬರಿನ ಸಿಮ್ ಸಿಕ್ಕಿತು. ಜಪ್ತಿ ಪಂಚನಾಮೆಗೆ ಸಹಿ ಹಾಕುವಾಗ ಅವನು ತಕರಾರು ಎತ್ತಲಿಲ್ಲ. ಸಂಜೆ ಕೋಚ್ ತಾವಾಗಿಯೇ ಫೋನ್ ಮಾಡಿ ಎಲ್ಲ ನಿಜವೆಂದರು. ಅಷ್ಟು ಹೊತ್ತಿಗೆ ಭೋಪಾಲಿಗೆ ಬೇರೆ ವಿಮಾನ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆಯ್ಕೆಯ ಏಳು ಗಂಟೆ ಹಾಗೇ ಕಳೆಯಿತು. ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆದು 12.10ಕ್ಕೆ ಚೇತನನನ್ನು ಬಂಧಿಸಲಾಯಿತು. ಮೋಹನದಾಸರು ಠಾಣೆಯಲ್ಲೇ ಮಗಳ ಕೈ ಹಿಡಿದುಕೊಂಡು, “ಇನ್ನು ಇವಳನ್ನು ಒಬ್ಬಳೇ ಎಲ್ಲಿಗೂ ಕಳಿಸುದಿಲ್ಲ” ಎಂದುಬಿಟ್ಟರು. ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಅವರು ಬಿಡಲಿಲ್ಲ.

ಚೇತನನ ಹೇಳಿಕೆ ಬರೆದುಕೊಂಡವಳು ರೇಣು.

“ಐದು ವರ್ಷದ ಹಿಂದೆ ನನಗೂ ಗೋವಾದ ಕಾಲೇಜಲ್ಲಿ ಸೀಟು ಸಿಕ್ಕಿತ್ತು,” ಎಂದ ಚೇತನ. “ಒಬ್ಬನೇ ಹೋಗುದು ಬೇಡ ಅಂತ ಅಪ್ಪ ಗಲ್ಲಾದಲ್ಲಿ ಕೂರಿಸಿದ್ರು. ಅವತ್ತು ಕೂತವ ಎದ್ದೇ ಇಲ್ಲ. ಇವಳೂ ಹೋದ್ರೆ ಒಳಗೆ ಉಳಿಯುವವ ನಾನೊಬ್ಬನೇ.”

“ತಡೀಬೇಕಂತ ಇತ್ತಲ್ಲ, ಮತ್ತ ಸೀಟರ ಯಾಕ ಹಿಡದಿ?”

“ಹತ್ತು ಗಂಟೆಗೆ ನನಗೆ ಆ ಯೋಚನೆ ಇರಲಿಲ್ಲ ಮೇಡಂ,” ಎಂದ ಅವನು. “ಅವಳಿಗೆ ಕಿಟಕಿ ಅಂದ್ರೆ ಇಷ್ಟ.”

ರೇಣು ಅದನ್ನೂ ಬರೆದುಕೊಂಡಳು.