ನಳಿಕೆಯ ಬಾಯಿಗಿಟ್ಟ ಮುಚ್ಚಳ

ಬೆಳಗ್ಗೆ ಪರೀಕ್ಷಾ ಕೋಣೆಯ ಬಾಗಿಲು ತೆರೆದಾಗ ಆಳೆತ್ತರದ ಡೀಸೆಲ್ ಎಂಜಿನ್ ಇದ್ದಲ್ಲೇ ಇತ್ತು. ಅದರ ಹೊಗೆಕೊಳವೆಯೊಳಗೆ ಯೂರಿಯಾ ದ್ರಾವಣವನ್ನು ಮಂಜಿನಂತೆ ಸಿಂಪಡಿಸುವ ಬೆರಳುದ್ದದ ಸಿಂಪಡಕ ಮಾತ್ರ ಮಾಯವಾಗಿತ್ತು. ಹೊಸ ಕಟ್ಟುನಿಟ್ಟಿನ ಮಿತಿಗೆ ವಿಷಾನಿಲ ಇಳಿಯಬೇಕಾದರೆ ಅದೇ ಬೇಕು. ಅಂಥದ್ದು ಇನ್ನೊಂದಿರಲಿಲ್ಲ. ಅಂತಿಮ ಪರೀಕ್ಷೆ ಅಂದೇ.

ದೂರು ಕೇಳಿ ಬಂದ ಪೊಲೀಸ್ ಇನ್‌ಸ್ಪೆಕ್ಟರಿಗೆ ಕಾವಲುಗಾರ ಫಿಟ್ಟರನತ್ತ ಬೆರಳು ತೋರಿಸಿದ. ಬಡ್ತಿ ತಪ್ಪಿದ ಸಿಟ್ಟಿಗೆ ಅವನು ಹಿಂದಿನ ದಿನ, ಈ ಎಂಜಿನ್ ಮಣ್ಣುಪಾಲಾಗಲಿ ಎಂದು ಎಲ್ಲರೆದುರು ಶಪಿಸಿದ್ದನಂತೆ.

"ಬಾಯಿ ಹರಿಬಿಟ್ಟೆ ಸಾರ್, ಕೈಯಲ್ಲ," ಎಂದ ಫಿಟ್ಟರ್. "ಜೈಲಿಗೆ ಹೋದ್ರೆ ನಮ್ಮತ್ತೆಗೆ ಹಬ್ಬ. ಆ ಖುಷಿ ಅವರಿಗೆ ಕೊಡಬೇಡಿ."

ಇನ್‌ಸ್ಪೆಕ್ಟರ್ ನಗಲಿಲ್ಲ.

* * *

ಸಿಂಪಡಕಕ್ಕೆ ದ್ರಾವಣ ತರುವ, ಈಗ ಬಿಚ್ಚಿದ್ದ ನಳಿಕೆಯ ಬಾಯಿಗೆ ಪುಟ್ಟ ಮುಚ್ಚಳ ಹಾಕಲಾಗಿತ್ತು. ಒಳಗನ್ನು ನೀರಿನಿಂದ ತೊಳೆಯಲಾಗಿತ್ತು. ಧೂಳು ಹೊಕ್ಕರೆ ಕೆಡುತ್ತದೆ, ದ್ರಾವಣ ಉಳಿದರೆ ಉಪ್ಪಿನಂತೆ ಗಟ್ಟಿಯಾಗುತ್ತದೆ, ಇಲ್ಲಿಯ ಯಾರ ಕೈಯಾದರೂ ಅಷ್ಟು ಮಾಡಿಯೇ ತೀರುತ್ತದೆ ಎಂದು ಫಿಟ್ಟರ್ ವಿವರಿಸಿದ. ಹಾಗಾದರೆ ಕಳ್ಳ ಒಳಗಿನವನೇ. ಆದರೆ ಹಾಳುಗೆಡವಲು ಬಂದವನಿಗೆ ಇಷ್ಟು ಜೋಪಾನವೇಕೆ?

ಪರೀಕ್ಷೆ ಗೆದ್ದರೆ ಯಾರಿಗೆ ನಷ್ಟವೆಂದು ಇನ್‌ಸ್ಪೆಕ್ಟರ್ ವಿಚಾರಿಸಿದರು. ಯಾರಿಗೂ ಇಲ್ಲವೆಂಬ ಉತ್ತರ ಬಂತು. ಹೊಗೆ ಅಳೆಯಲು ಬೇರೆ ಊರಿನ ಶಾಖೆಯಿಂದ ಎರವಲು ಬಂದಿದ್ದ 'ಹೊಗೆ ಮೇಡಂ' ಕೂಡ, ಗೆದ್ದರೆ ತಾನು ಊರಿಗೆ ಮರಳುವೆನೆಂದರು. ಆ ಮಾತಿಗೆ, ಎಲ್ಲರೂ ಮೇಷ್ಟ್ರು ಎನ್ನುವ ಮುಖ್ಯ ಎಂಜಿನಿಯರು ಪರೀಕ್ಷಾ ಕೋಣೆಯ ಗಾಜಿನ ಕಿಟಕಿಯತ್ತ ಮುಖ ತಿರುಗಿಸಿದರು.

ದೂರದೂರಿನಲ್ಲಿ ನೌಕರಿಯಲ್ಲಿದ್ದ ಹೆಂಡತಿಯನ್ನು ವಾರ ವಾರವೂ ಬಸ್ಸು ಹತ್ತಿಸುವ ಇನ್‌ಸ್ಪೆಕ್ಟರಿಗೆ ಆ ನೋಟದ ಗುರುತು ಚೆನ್ನಾಗಿಯೇ ಇತ್ತು.

* * *

ಹಳೆಯ ಎಂಜಿನ್ನಿನ ಸಿಂಪಡಕವನ್ನೇ ತೊಡಿಸಿ ಓಡಿಸಿ ಎಂದು ಇನ್‌ಸ್ಪೆಕ್ಟರ್ ಆಜ್ಞಾಪಿಸಿದರು. ಫಿಟ್ಟರ್ ಗೊಣಗುತ್ತಲೇ ತೊಡಿಸಿದ. ಹೊಗೆ ಮೇಡಂ ವಾದಿಸಿದರು. ಇನ್‌ಸ್ಪೆಕ್ಟರ್ ಸ್ವಿಚ್ಚಿನತ್ತ ಕೈ ಚಾಚಿದಾಗ ಮೇಷ್ಟ್ರು ಅಡ್ಡ ಬಂದರು.

"ಬೇಡ. ಹಳೇದರಿಂದ ದಪ್ಪ ಹನಿ ಬಿದ್ರೆ ಒಳಗೆಲ್ಲ ಕಟ್ಟಿಕೊಳ್ಳುತ್ತೆ. ಎಂಜಿನ್ ಸತ್ತೇಹೋಗುತ್ತೆ."

ಕೋಟಿನ ಒಳಜೇಬಿನಿಂದ, ಬಟ್ಟೆಯಲ್ಲಿ ಸುತ್ತಿದ ಸಿಂಪಡಕವನ್ನು ತೆಗೆದು ಮೇಜಿನ ಮೇಲಿಟ್ಟರು.

"ಸಿಟ್ಟಿನವನು ಮುರೀತಿದ್ದ, ಆಸೆಯವನು ಮಾರ್ತಿದ್ದ," ಎಂದರು ಇನ್‌ಸ್ಪೆಕ್ಟರ್. "ತೊಳೆದು ಮುಚ್ಚಿಟ್ಟವನಿಗೆ ಎಂಜಿನ್ ಸಾಯಬಾರದಿತ್ತು. ಇವತ್ತು ಗೆಲ್ಲಲೂಬಾರದಿತ್ತು. ಗೆದ್ದರೆ ಈ ಮೇಡಂ ಹೊರಡ್ತಾರೆ. ಅಷ್ಟೇ ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಮೊದಲು ಫಿಟ್ಟರನ ಕ್ಷಮೆ ಕೇಳಿದರು. ಅವನು ತಲೆ ಕೆರೆದುಕೊಂಡು, ಕೈ ಒರೆಸಿಕೊಂಡು, ಸಿಂಪಡಕವನ್ನು ಜೋಡಿಸಲು ನಡೆದ.

ಹೊಗೆ ಮೇಡಂ ಮೇಷ್ಟ್ರತ್ತ ತಿರುಗಿದರು. "ಮಿತಿಯ ಬಗ್ಗೆ ದಿನಾ ನನ್ನ ಹತ್ರ ಜಗಳ ಆಡಿದ್ರಿ," ಎಂದರು. "ಇಲ್ಲೇ ಇರಿ ಅನ್ನೋ ಒಂದು ಮಾತಿಗೆ ನಿಮಗೆ ಬಾಯಿರಲಿಲ್ವೇನ್ರೀ?"

ಎಂಜಿನ್ ಗುಡುಗಿತು. ನೆಲ ನಡುಗಿತು. ಜೀಪು ಹತ್ತುವ ಮುನ್ನ ಓಟ ಮುಗಿಯುವವರೆಗೆ ನಿಲ್ಲಲು ಮೇಷ್ಟ್ರು ಅನುಮತಿ ಬೇಡಿದರು. ಇನ್‌ಸ್ಪೆಕ್ಟರ್ ಬೇಡವೆನ್ನಲಿಲ್ಲ. ಗಾಜಿನಾಚೆ ಹೊಗೆ ಮೇಡಂ ಮಾಪಕದ ಮುಂದೆ ಬಾಗಿದ್ದರು. ಮುಳ್ಳು ಮಿತಿಗಿಂತ ಕೆಳಗಿಳಿಯಿತು. ಅವರು ತಲೆಯೆತ್ತಿ ಮೇಷ್ಟ್ರನ್ನು ಹುಡುಕಿ, ಗೆದ್ದೆವೆಂದು ಹೆಬ್ಬೆರಳೆತ್ತಿದರು. ಎತ್ತಿದ ಕೈಯನ್ನು ಇಳಿಸುವುದು ಅವರಿಗೆ ಮರೆತೇಹೋಯಿತು.