ಕೊನೆಯ ಕಂತಿನಲ್ಲಿ ಮಾತಾಡಿದ ಹುಡುಗಿ

ಟೀ ಕಾಯಿಸುವ ಕರೆಂಟಿನ ಹಂಡೆ ಬೆಳಿಗ್ಗೆಯೇ ಕೈಕೊಟ್ಟಿತ್ತು. ಹಾಗಾಗಿ ಚರ್ಚ್ ಹಾಲ್‌ನ ಅಡುಗೆಮನೆಯ ಬಾಗಿಲಲ್ಲಿ ಭಾರದ ಚೀಲ ಹಿಡಿದು ನಿಂತ ಗಂಡಸು ಹಿಲರಿಯ ಕಣ್ಣಿಗೆ ರಿಪೇರಿಯವನಾಗಿಯೇ ಕಂಡ.

"ಅಂತೂ ಬಂದ್ರಲ್ಲ! ಬನ್ನಿ, ಇಲ್ಲಿದೆ ನೋಡಿ."

"ಇದಾ?"

"ಇದಲ್ದೆ ಇನ್ನೇನು, ನನ್ನನ್ನ ರಿಪೇರಿ ಮಾಡ್ಸಕ್ಕೆ ಕರೆಸಿದೀನಾ?"

ಅವನು ವಿಧೇಯನಾಗಿ ಮಂಡಿಯೂರಿದ. ಹಂಡೆಯ ನಲ್ಲಿ ತಿರುಗಿಸಿದ, ಹೊಟ್ಟೆಗೆ ಎರಡು ಬಾರಿ ಬಡಿದ, ಕಿವಿಯಿಟ್ಟು ಕೇಳಿದ.

"ಕೆಟ್ಟಿದೆ," ಅಂದ.

"ಅದು ನಂಗೂ ಗೊತ್ತು."

"ನಂಗೂ ಅಷ್ಟೇ ಗೊತ್ತಿರೋದು. ನಾನು ಹಂಡೆಯವನಲ್ಲ ರೀ. ಒಂದು ಟೇಪ್ ತಂದಿದೀನಿ, ನಿಮ್ಮ ಸಂಘಕ್ಕೆ ಕೇಳ್ಸೋಣ ಅಂತ."

"ಮೊದ್ಲೇ ಹೇಳೋಕೇನಾಗಿತ್ತು?"

"ನೀವು ಬಾಯಿ ಬಿಡಕ್ಕೆ ಬಿಟ್ರೆ ತಾನೇ?"

ಅವನು ಎದ್ದು ಮಂಡಿ ಕೊಡವಿಕೊಂಡು, ಹೋಗದೆ, ಅವಳನ್ನೇ ನೋಡುತ್ತ ನಿಂತ. ಮಾಸಿದ ನೀಲಿ ಕಣ್ಣು, ಹುಬ್ಬು ಪೊದೆಯಂತೆ ಬೆಳೆದಿದೆ. ಹಿಲರಿ ಕೆನ್ನೆಗೇನಾದರೂ ಕ್ರೀಮ್ ಮೆತ್ತಿಕೊಂಡಿದೆಯೇನೋ ಎಂದು ಒರೆಸಿಕೊಂಡಳು. ಮೆತ್ತಿಕೊಂಡಿತ್ತು.

ಫೈಲಿ ಎಂಬ ಆ ಕಡಲೂರಿನಲ್ಲಿ ವರ್ಷಕ್ಕೊಮ್ಮೆ, ನವೆಂಬರಿನ ಚಳಿಯಲ್ಲಿ, ತಲೆ ನರೆತ ಒಂದಷ್ಟು ಜನ ಸೇರುತ್ತಿದ್ದರು. ಅವರು ಚಿಕ್ಕವರಿದ್ದಾಗ ಗುರುವಾರ ಸಂಜೆ, ವಾರ್ತೆಗೆ ಮುಂಚೆ, ಟಿವಿಯಲ್ಲಿ 'ಹಾಬ್‌ಡೇ ಸ್ಟೇಷನ್' ಎಂಬ ಗೊಂಬೆಯಾಟ ಬರುತ್ತಿತ್ತು; ಅದರ ಅಭಿಮಾನಿಗಳ ಸಂಘ ಇದು. ಮರದ ಗೊಂಬೆ ಹಾಬ್‌ಡೇ ಸ್ಟೇಷನ್ ಮಾಸ್ಟರು. ಉಲ್ಲನ್ನಿನ ಹೆಬ್ಬಾತು ನೆಟ್ಟಿ ಅವನ ಜೊತೆಗಾತಿ, ಟಿಕೆಟ್ಟಿಗೆ ತೂತು ಹಾಕುವುದು ಅವಳ ಕೊಕ್ಕಿನ ಕೆಲಸ. ಕೊನೆಯ ಕಂತಿನಲ್ಲಿ ಸರ್ಕಾರ ಸ್ಟೇಷನ್ ಮುಚ್ಚಿಸುತ್ತದೆ, ಕೊನೆಯ ರೈಲು ಬಂದು ನಿಲ್ಲುತ್ತದೆ. ನೆಟ್ಟಿ ಹತ್ತಿದಳೋ, ಉಳಿದಳೋ? ಆ ಕಂತಿನ ಮೇಲೆ ಟಿವಿಯವರೇ ಯಾವುದೋ ಕುದುರೆ ಜೂಜು ರೆಕಾರ್ಡ್ ಮಾಡಿ ಅಳಿಸಿಹಾಕಿದ್ದರು. ಆಗ ಟೇಪು ದುಬಾರಿ, ಮಕ್ಕಳ ನೆನಪು ಅಗ್ಗ. ನೋಡಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಥರ ನೆನಪು, ಹೀಗಾಗಿ ಸಂಘದಲ್ಲಿ ಎರಡು ಪಕ್ಷಗಳಾಗಿದ್ದವು. ಹತ್ತಿದಳು ಎನ್ನುವವರು ಕಿಟಕಿಯ ಕಡೆ ಕೂರುತ್ತಿದ್ದರು, ಉಳಿದಳು ಎನ್ನುವವರು ಹೀಟರಿನ ಕಡೆ. ಒಬ್ಬರ ಕೇಕನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಹಿಲರಿ ಯಾವ ಪಕ್ಷವೂ ಅಲ್ಲ. ಅಡುಗೆಮನೆಯಲ್ಲಿ ಅವಳ ಬಾಯಿಗೆ ತಡೆಯಿಲ್ಲ. ಆದರೆ ನಾಲ್ಕು ಜನ ಕೂತು ಏನನ್ನಾದರೂ ನೋಡುವಾಗ, ಕೇಳುವಾಗ, ಅವಳ ಬಾಯಿಗೆ ತಾನಾಗಿ ಬೀಗ ಬೀಳುತ್ತಿತ್ತು. ಟಿವಿಯ ಮುಂದೆ ಉಸಿರೆತ್ತದ ಹೆಂಡತಿ ಎಂದು ಗಂಡ ಮೆಚ್ಚಿಕೊಂಡಿದ್ದ. ಆಮೇಲೆ ಅವನು ಬೇರೊಬ್ಬಳ ಜೊತೆ ಹೊರಟಾಗಲೂ ಅವಳು ಉಸಿರೆತ್ತಲಿಲ್ಲ.

ಆ ಬೀಗ ಬಿದ್ದದ್ದು ಒಂದು ಗುರುವಾರ, ಪಕ್ಕದ ಮನೆಯಲ್ಲಿ. ಅಪ್ಪನ ಕೆಲಸ ಹೋಗಿ ಬಾಡಿಗೆ ಟಿವಿಯನ್ನು ಅಂಗಡಿಯವರು ಹೊತ್ತೊಯ್ದ ಮೇಲೆ ಹಿಲರಿ ಹಾಬ್‌ಡೇಯನ್ನು ನೋಡುತ್ತಿದ್ದುದು ಅಲ್ಲೇ, ಆ ಮನೆಯಮ್ಮ ಕೊಡುತ್ತಿದ್ದ ಬೀನ್ಸ್ ತಿನ್ನುತ್ತ. ಆ ಮನೆಯ ಹುಡುಗ ಟಿವಿಗೆ ಮೈಕು ಆನಿಸಿ ರೆಕಾರ್ಡ್ ಮಾಡುತ್ತಿದ್ದ. ಯಾರೂ ಕೆಮ್ಮುವಂತಿಲ್ಲ. ಅವಳು ಮಾತಾಡಿಬಿಟ್ಟಳು. ಅವನು ಚೀರಿದ. ಅವಳು ಓಡಿಹೋಗಿ ತಮ್ಮ ಹಿತ್ತಿಲಿನ ಕಲ್ಲಿದ್ದಲ ಗೂಡಿನಲ್ಲಿ ಕಿವಿ ಮುಚ್ಚಿ ಕೂತಳು. ಆ ವಾರವೇ ಅಪ್ಪನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು, ಮನೆ ಖಾಲಿ ಮಾಡಿದರು. ನಾನು ಬಾಯಿ ತೆರೆದರೆ ಒಳ್ಳೆಯದು ಕೆಡುತ್ತದೆ ಎಂಬುದನ್ನು ಹಿಲರಿ ಗಂಟುಮೂಟೆಯ ಜೊತೆ ಕಟ್ಟಿಕೊಂಡು ಹೋದಳು.

ಕೆಟಲಿನಲ್ಲೇ ನೀರು ಕಾಯಿಸಿ ಅವಳು ಟ್ರೇ ಹೊತ್ತು ಬರುವಷ್ಟರಲ್ಲಿ ಹಾಲ್‌ನಲ್ಲಿ ಗಲಾಟೆ ಎದ್ದಿತ್ತು.

"ಕೊನೇ ಕಂತು! ಈ ಪುಣ್ಯಾತ್ಮನ ಹತ್ರ ಕೊನೇ ಕಂತಿನ ಶಬ್ದ ಇದೆಯಂತೆ!" ಸಂಘದ ಅಧ್ಯಕ್ಷ ಸೆಡ್ರಿಕ್ ಕೂಗುತ್ತಿದ್ದ. ಅವನು ಹತ್ತಿದಳು ಪಕ್ಷದ ನಾಯಕ. "ಇವತ್ತು ಹೀಟರ್ ಕಡೆಯವ್ರ ಮುಖ ನೋಡ್ಬೇಕು!"

"ನಿನ್ನ ಮುಖಾನೇ ಮೊದ್ಲು ನೋಡ್ಕೋ ಹೋಗಯ್ಯಾ," ಎಂದಿತು ಹೀಟರಿನ ಕಡೆ.

ಬಂದವನು ಚೀಲದಿಂದ ಹಳೆಯ ರೆಕಾರ್ಡರು ತೆಗೆದು ಮೇಜಿನ ಮೇಲಿಟ್ಟ. ಚಕ್ರ ತಿರುಗಿತು. ಗರಗರ, ಆಮೇಲೆ ಆ ಸಂಗೀತ. ಎರಡೂ ಪಕ್ಷದವರು ಕುರ್ಚಿ ಮುಂದೆಳೆದುಕೊಂಡರು. ರೈಲಿನ ಸೀಟಿ, ಹಾಬ್‌ಡೇಯ ಗೊಗ್ಗರು ದನಿ:

"ಏನೇ ನೆಟ್ಟಿ, ಹತ್ತುತ್ತೀಯೋ, ಇರ್ತೀಯೋ?"

ನೆಟ್ಟಿ ಉತ್ತರ ಕೊಟ್ಟಳು. ಅದೇ ಕ್ಷಣಕ್ಕೆ ಟೇಪಿನೊಳಗಿಂದ ಒಬ್ಬ ಹುಡುಗಿ ಅರಚಿದಳು: "ಹೋಗ್ಬೇಡ ಕಣೇ ನೆಟ್ಟೀ! ನೀನು ಹೋದ್ರೆ ಅವನು ಒಬ್ನೇ ಆಗ್ಬಿಡ್ತಾನೇ!"

ನೆಟ್ಟಿಯ ಉತ್ತರ ಆ ಅರಚಾಟದಲ್ಲಿ ಮುಳುಗಿಹೋಯಿತು. ಮತ್ತೆ ಸೀಟಿ. ಸಂಗೀತ. ಮುಗಿಯಿತು.

ಹಿಲರಿ ಟ್ರೇ ಹಿಡಿದೇ ರೆಕಾರ್ಡರಿನ ಕಡೆ ತಿರುಗಿದಳು. ತನ್ನ ದನಿ ತನಗೆ ಗೊತ್ತಾಗದೆ ಇರುತ್ತದೆಯೇ? ಹಾಗಾದರೆ ಇವನು ಟ್ರೆವರ್. ಪಕ್ಕದ ಮನೆಯ ಟ್ರೆವರ್ ಡಿನ್ಸ್‌ಡೇಲ್. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು.

"ಯಾವಳ್ರೀ ಅವಳು ಹಾಳಾದೋಳು!" ಸೆಡ್ರಿಕ್ ಮೇಜು ಗುದ್ದಿದ. "ಪರ್ವಾಗಿಲ್ಲ, ನನ್ನ ಅಳಿಯ ಇದಾನೆ, ಕಂಪ್ಯೂಟರ್‌ನಲ್ಲಿ ಆ ಹುಡುಗಿ ದನೀನ ಸೋಸಿ ಬಿಸಾಕ್ತಾನೆ. ನಿಲ್ಸಿ, ನಿಲ್ಸಿ, ಮುಗೀತಲ್ಲ."

"ಮುಗಿದಿಲ್ಲ," ಅಂದ ಟ್ರೆವರ್. ಚಕ್ರ ತಿರುಗುತ್ತಲೇ ಇತ್ತು.

ಟೇಪಿನಲ್ಲಿ ಹುಡುಗ ಕಿರುಚಿದ: "ಎಲ್ಲಾ ಹಾಳ್ಮಾಡ್ಬಿಟ್ಟೆ! ಹೋಗು!" ಬಾಗಿಲು ಬಡಿಯಿತು. ಇಷ್ಟು ಹಿಲರಿಗೆ ಬಾಯಿಪಾಠ. ಆದರೆ ಆಮೇಲೆ ಅವನ ಅಮ್ಮನ ದನಿ ಬಂತು, ಬೀನ್ಸ್ ಕದಡುವ ಸೌಟಿನ ಸದ್ದಿನ ಜೊತೆ.

"ಲೋ ಕತ್ತೆ, ಹೆಬ್ಬಾತನ್ನ ಹೋಗ್ಬೇಡ ಅಂದಿದ್ದಕ್ಕೆ ಆ ಮಗೂನ ಓಡಿಸ್ತೀಯೇನೋ?"

ಸ್ವಲ್ಪ ಹೊತ್ತು ಬರೀ ಗರಗರ. ಹುಡುಗ ಮೂಗೆಳೆದುಕೊಂಡ. ಕುರ್ಚಿ ಸರಿಯಿತು, ಹಿತ್ತಿಲ ಬಾಗಿಲು ತೆರೆಯಿತು. ದೂರದಿಂದ, ಗಾಳಿಯಲ್ಲಿ, ಸಣ್ಣಗೆ: "ಹಿಲರೀ! ಹಿಲರೀ, ಬಾರೇ! ಮಾತಾಡಿದ್ರೂ ಪರ್ವಾಗಿಲ್ಲ, ಬಾರೇ!"

ಅವನು ಕೂಗುತ್ತಲೇ ಇದ್ದ. ಟೇಪು ಮುಗಿದು ಬಾಲ ಟಪಟಪ ಬಡಿಯುವವರೆಗೂ ಕೂಗುತ್ತಿದ್ದ.

ಕಲ್ಲಿದ್ದಲ ಗೂಡಿನಲ್ಲಿ ಕಿವಿ ಮುಚ್ಚಿ ಕೂತವಳಿಗೆ ಅದು ಕೇಳಿರಲಿಲ್ಲ. ಇಷ್ಟು ವರ್ಷವೂ ಕೇಳಿರಲಿಲ್ಲ. ಹಿಲರಿ ಟ್ರೇಯನ್ನು ಹತ್ತಿರದ ಕುರ್ಚಿಯ ಮೇಲಿಟ್ಟಳು. ಅಲ್ಲಿ ಯಾರದೋ ಹ್ಯಾಟಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

"ಕೂಗಾಟ ಎಲ್ಲ ಕತ್ತರಿಸಿದ್ರಾಯ್ತು," ಸೆಡ್ರಿಕ್ ಕೈ ಚಾಚಿದ. "ಕೊಡಿ ಇಲ್ಲಿ."

"ಕೊಡ್ತೀನಿ. ಆದ್ರೆ ದನಿ ನಂದಲ್ಲ," ಅಂದ ಟ್ರೆವರ್. "ಅದರ ಯಜಮಾನ್ತಿ ಇಲ್ಲೇ ಇದಾಳೆ. ತೆಗೀಬಹುದಾ ಅಂತ ಅವಳನ್ನ ಕೇಳಿ."

ಕಿಟಕಿಯ ಕಡೆಯವರೂ ಹೀಟರಿನ ಕಡೆಯವರೂ ಜೀವಮಾನದಲ್ಲಿ ಮೊದಲ ಬಾರಿಗೆ ಒಂದೇ ದಿಕ್ಕಿಗೆ ತಿರುಗಿದರು. ಹಿಲರಿ ಒದ್ದೆ ಕೈ ಒರೆಸಿಕೊಂಡಳು. ತೆಗೆದುಬಿಡಿ ಎನ್ನುವುದು ಸುಲಭ. ಅವಳು ಬದುಕಿಡೀ ಮಾಡಿದ್ದೇ ಅದು.

ಟ್ರೆವರ್ ಅವಳನ್ನೇ ನೋಡುತ್ತಿದ್ದ. ಹುಬ್ಬಿನ ಪೊದೆಯ ಕೆಳಗೆ ಆ ಹುಡುಗನ ಕಣ್ಣು ಹಾಗೇ ಇತ್ತು, ತಪ್ಪು ಮಾಡಿ ಹಿತ್ತಿಲ ಬಾಗಿಲಲ್ಲಿ ನಿಂತವನ ಕಣ್ಣು.

"ತೆಗೀಬೇಡಿ," ಅಂದಳು ಹಿಲರಿ. ದನಿ ಸಾಲದು ಅನ್ನಿಸಿ ಇನ್ನೊಮ್ಮೆ ಗಟ್ಟಿಯಾಗಿ ಅಂದಳು. "ನಾನು ಮಾತಾಡಿದ್ದು ಹಾಗೇ ಇರ್ಲಿ. ಮತ್ತೆ ಸೆಡ್ರಿಕ್, ಹಾಳಾದೋಳು ಅಂದ್ಯಲ್ಲ, ನಿನ್ನ ಟೀ ನೀನೇ ಮಾಡ್ಕೋ."

ಅಡುಗೆಮನೆಯಲ್ಲಿ ಅವಳು ಕಪ್ಪು ತೊಳೆದಳು, ಅವನು ಒರೆಸಿದ.

"ಸಂಘದ ಪತ್ರಿಕೆಯಲ್ಲಿ ಒಂದು ಫೋಟೋ ಬಂದಿತ್ತು," ಅಂದ ಅವನು. "ಹಂಡೆ ಪಕ್ಕ ನೀನು ನಿಂತಿದ್ದೆ. ಹಂಡೆಗಿಂತ ಚೆನ್ನಾಗಿದ್ದೆ."

"ಹಂಡೆ ಕೆಟ್ಟಿದೆ."

"ಅದೇ ನೋಡು. ನಮ್ಮನೆಯವಳು ತೀರ್ಕೊಂಡ್ ಮೇಲೆ ಮನೇಲಿ ಟಿವಿ ಒಂದೇ ಮಾತಾಡೋದು ಹಿಲರಿ. ಸಾಕಾಗಿದೆ."

ಅವಳು ಒಂದೇ ಕಪ್ಪನ್ನು ಮೂರನೆಯ ಸಲ ತೊಳೆದಳು. "ಟಿವಿ ಹತ್ರಾನೇ ಕೂತಿದ್ದೆಯಲ್ಲ ಆವತ್ತು, ನೆಟ್ಟಿ ಏನಂದ್ಲು ಹೇಳು."

ಅವನ ತುಟಿಯ ಅಂಚಿನಲ್ಲಿ ನಗು ಸುಳಿಯಿತು. "ಹೇಳ್ತೀನಿ. ಇಲ್ಲಲ್ಲ. ಗುರುವಾರ ಸಂಜೆ ಮನೆಗೆ ಬಾ. ಬೀನ್ಸ್ ಮಾಡಿರ್ತೀನಿ."

ಗುರುವಾರ ಅವಳು ಹೋದಳು. ಬೀನ್ಸ್ ತಳ ಹಿಡಿದಿತ್ತು. ಟಿವಿಯಲ್ಲಿ ಯಾವುದೋ ಕೊಲೆಯ ಕಥೆ ನಡೆಯುತ್ತಿತ್ತು. ಹಿಲರಿ ಮೊದಲ ದೃಶ್ಯದಿಂದಲೇ ಮಾತಾಡಿದಳು. ಕೊಲೆಗಾರ ಯಾರೆಂದು ಹೇಳಿದಳು, ಅದು ತಪ್ಪಾಯಿತು, ಇನ್ನೊಬ್ಬನ ಹೆಸರು ಹೇಳಿದಳು. ಟ್ರೆವರ್ ಟಿವಿಯ ದನಿ ತಗ್ಗಿಸುತ್ತ ತಗ್ಗಿಸುತ್ತ ಕೊನೆಗೆ ಪೂರ್ತಿ ನಿಲ್ಲಿಸಿಬಿಟ್ಟ.

"ಈಗ ಹೇಳು, ನೆಟ್ಟಿ ಏನಂದ್ಲು?"

ಅವನು ತಲೆ ಕೆರೆದುಕೊಂಡ. "ನಿಜ ಹೇಳ್ಲಾ? ನಂಗೂ ಗೊತ್ತಿಲ್ಲ. ನಿನ್ನ ಮಾತೇ ಕೇಳಿಸ್ತಿತ್ತು. ಸುಳ್ಳು ಹೇಳಿ ಕರೆಸ್ದೆ."

"ಗೊತ್ತಿತ್ತು ಬಿಡು," ಅಂದಳು ಹಿಲರಿ. ಅಷ್ಟು ಹೊತ್ತೂ ತೊಟ್ಟೇ ಇದ್ದ ಕೋಟು ಬಿಚ್ಚಿ ಅವನ ಕೋಟಿನ ಮೇಲೇ ತೂಗುಹಾಕಿ ಬಂದು, ಅವನ ಪಕ್ಕದಲ್ಲಿ ಕೂತಳು.