ನೋವು ಶುರುವಾದ ಸಮಯ

"ಎದೆನೋವು ಎಷ್ಟೊತ್ತಿಗೆ ಶುರುವಾಯ್ತು? ಬೇಗ ಹೇಳ್ರೀ!"

ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದವನು ತಲೆ ಎತ್ತಿದ. ಕೌಂಟರಿನಲ್ಲಿ ಬರೆದುಕೊಳ್ಳಲು ಕೂತಿದ್ದ ಅವಳ ಪೆನ್ನು ಅಲ್ಲೇ ನಿಂತಿತು.

ಅವನೇ! ಎರಡು ವರ್ಷದ ಹಿಂದೆ ಅಪ್ಪ ಎದೆ ಹಿಡಿದುಕೊಂಡು ಬಿದ್ದಾಗ ಬಂದಿದ್ದ ಆಂಬುಲೆನ್ಸ್ ನರ್ಸ್. ಮನೆ ಹತ್ತಿರದ ಆಸ್ಪತ್ರೆ ಬಂದಾಗ ಡ್ರೈವರ್ ಪಕ್ಕ ಕೂತಿದ್ದ ಅವಳು "ಇಲ್ಲೇ ನಿಲ್ಸಿ!" ಎಂದು ಕಿರುಚಿದ್ದಳು. ಹಿಂದಿನಿಂದ ಇವನು, "ನಿಲ್ಲಿಸ್ಬೇಡಿ, ಹೋಗ್ತಾ ಇರಿ" ಅಂದಿದ್ದ.

ಅಪ್ಪ ಉಳಿಯಲಿಲ್ಲ. ಇದೇ ಆಸ್ಪತ್ರೆಯ ಕಾರಿಡಾರಿನಲ್ಲಿ ಇವನ ಕಾಲರ್ ಹಿಡಿದು "ಕೊಲೆಗಾರ!" ಎಂದಿದ್ದಳು.

"ಏಳೂ ಇಪ್ಪತ್ತಕ್ಕೆ," ಎಂದ ಅವನು ಮೆಲ್ಲಗೆ.

"ಸದ್ಯ! ಇವರನ್ನ ಊರೆಲ್ಲ ಸುತ್ತಿಸಲಿಲ್ವಲ್ಲ."

ಅವನು ಸ್ಟ್ರೆಚರನ್ನು ಒಳಗೆ ತಳ್ಳಿಕೊಂಡು ಹೋದ.

ಹೃದಯದ ಆಸ್ಪತ್ರೆಯ ಆ ಕೌಂಟರಿನಲ್ಲಿ ಅವಳಿಗದು ಮೊದಲ ವಾರ. ಆಂಬುಲೆನ್ಸಿನಿಂದ ಇಸಿಜಿ ಫೋನಿಗೆ ಬಂದ ಕೂಡಲೇ ಡಾಕ್ಟರನ್ನು ಕರೆದು, ಕಟ್ಟಿಕೊಂಡ ರಕ್ತನಾಳ ತೆರೆಯುವ ಕೋಣೆ ಸಿದ್ಧ ಮಾಡಿಸುವುದು ಅವಳ ಕೆಲಸ. ಚಿಕ್ಕ ಆಸ್ಪತ್ರೆಗಳಲ್ಲಿ ಆ ಸೌಲಭ್ಯವೇ ಇಲ್ಲ, ಅಲ್ಲಿ ನಿಂತರೆ ಹೊತ್ತು ದಂಡ ಎಂಬುದು ತಿಂಗಳೊಳಗೆ ಅವಳಿಗೆ ಅರ್ಥವಾಯಿತು.

ಅಂದರೆ ಅವನು ಮಾಡಿದ್ದು ಸರಿ! ಆದರೂ ಬೈಯುವುದನ್ನು ಬಿಡಲಿಲ್ಲ. ಬೈಯುತ್ತಲೇ ಅವನ ದಾರಿ ಕಾಯತೊಡಗಿದಳು, ಹುಚ್ಚು ಹುಡುಗಿ!

ಮತ್ತೆ ಅಪ್ಪ ಯಾಕೆ ಉಳಿಯಲಿಲ್ಲ...? ಒಂದು ಮಧ್ಯಾಹ್ನ ಹಳೆಯ ಫೈಲು ತೆಗೆಸಿದಳು. ಅದರೊಳಗಿನ ಆಂಬುಲೆನ್ಸ್ ಚೀಟಿಯಲ್ಲಿ ಅವನದೇ ಅಕ್ಷರ. ನೋವು ಶುರುವಾದ ಸಮಯ: ಬೆಳಿಗ್ಗೆ ಆರು.

ಆರು! ಆಂಬುಲೆನ್ಸಿಗೆ ಫೋನ್ ಮಾಡಿದ್ದು ಹತ್ತಕ್ಕೆ. ಆರಕ್ಕೆ ಅಪ್ಪ ಎದೆ ಸವರಿಕೊಂಡಾಗ ಅವಳೇ, "ಗ್ಯಾಸ್ ಅಪ್ಪಾ, ಮಲ್ಕೋ" ಎಂದು ಮಾತ್ರೆ ಕೊಟ್ಟಿದ್ದಳು.

ಅಲ್ಲಿಂದಾಚೆ ಪ್ರತಿ ಸ್ಟ್ರೆಚರಿನ ಮೇಲೂ ಅಪ್ಪನೇ. ಲಿಫ್ಟಿನಲ್ಲಿ ಒಬ್ಬಳೇ ಇದ್ದರೆ ಬೆನ್ನ ಹಿಂದೆ ಅದೇ ದನಿ... "ಮಾತ್ರೆ ಹಿಡೀಲಿಲ್ಲ ಮಗಳೇ." ಅವಳು ಲಿಫ್ಟ್ ಹತ್ತುವುದನ್ನೇ ಬಿಟ್ಟಳು.

ನಾಲ್ಕನೇ ದಿನ ತಡೆಯಲಾಗಲಿಲ್ಲ. ಅವನು ಆಂಬುಲೆನ್ಸ್ ಒರೆಸುತ್ತಿದ್ದ.

"ಆರು ಅಂತ ಯಾರು ಹೇಳಿದ್ದು? ನಾನು ‘ಈಗಷ್ಟೇ’ ಅಂದಿದ್ದೆ!"

ಅವನು ಬಟ್ಟೆ ಕೆಳಗಿಟ್ಟ. "ನಿಮ್ಮಪ್ಪ. ‘ಮಗಳು ಗ್ಯಾಸ್ ಅಂದ್ಕೊಂಡ್ಲು. ಅವಳಿಗೆ ಹೇಳ್ಬೇಡಪ್ಪ, ಜೀವನಪೂರ್ತಿ ಕೊರಗ್ತಾಳೆ’ ಅಂದ್ರು."

"ಹಾಗಾದ್ರೆ... ನಾನೇ ಕೊಂದ್ನಾ?"

"ಇಲ್ಲ. ಹೊತ್ತು ಮೀರಿತ್ತು, ಸುಳ್ಳು ಹೇಳಲ್ಲ. ಆದ್ರೆ ಮೊದಲು ಗ್ಯಾಸ್ ಅಂದ್ಕೊಳ್ಳದ ಮನೆ ನಾನಂತೂ ನೋಡಿಲ್ಲ. ಅವರೂ ಹಾಗೇ ಅಂದ್ಕೊಂಡಿದ್ರು."

ಎರಡು ವರ್ಷದ ಅಳು ಒಮ್ಮೆಲೇ ಬಂತು. ಅವನು ತಡೆಯಲಿಲ್ಲ, ಪಕ್ಕದಲ್ಲೇ ನಿಂತಿದ್ದ.

"ಮತ್ತೆ ನಾನು ಅಷ್ಟೆಲ್ಲ ಬೈದಾಗ ಯಾಕೆ ಸುಮ್ನಿದ್ರಿ?"

"ನನ್ನನ್ನ ಬೈತಾ ಇದ್ರೆ ನಿಮ್ಮನ್ನ ನೀವು ಬೈಕೊಳ್ಳಲ್ಲ ಅಂತ... ಆಮೇಲಾಮೇಲೆ, ನೀವು ಬೈದೇ ಇದ್ರೆ ದಿನಾನೇ ಹೋಗ್ತಿರಲಿಲ್ಲ."

ಅವಳು ಅವನ ತೋಳು ಹಿಡಿದುಕೊಂಡಳು. "ನಿನ್ನನ್ನ ಬೈಯೋಕೆ ಇನ್ನು ನನಗೆ ಬಾಯೇ ಬರಲ್ಲ ಕಣೋ."

"ಹಾಗಾದ್ರೆ ಕೂತ್ಕೋ. ಅಪ್ಪನ ಬಗ್ಗೆ ಹೇಳು," ಎಂದ ಅವನು. "ನನಗೆ ಅವರು ಸಿಕ್ಕಿದ್ದು ಇಪ್ಪತ್ತೇ ನಿಮಿಷ."